ಹಳೆಯ ಅಲ್ಯೂಮಿನಿಯಂ ದೋಣಿಗೆ ಮರುಜೀವ: ಬಣ್ಣದ ಡಬ್ಬ ಕೊನೆಗೆ ತೆರೆಯಿರಿ

ಅಮೆರಿಕದ ಮಿನೆಸೋಟಾ, ವಿಸ್ಕಾನ್ಸಿನ್, ಮಿಶಿಗನ್ ರಾಜ್ಯಗಳಲ್ಲಿ ಹಿಮ ಕರಗಿತೆಂದರೆ ಮನೆಗಳ ಮುಂದೆ ಮಾರಾಟದ ಚೀಟಿ ಅಂಟಿಸಿಕೊಂಡ ಹಳೆಯ ದೋಣಿಗಳು ಬಂದು ನಿಲ್ಲುತ್ತವೆ. ಹನ್ನೆರಡರಿಂದ ಹದಿನಾರು ಅಡಿ ಉದ್ದ, ಅಡ್ಡಕ್ಕೆ ಮೂರು ಬೆಂಚು, ಕೆಳಗೆ ತುಕ್ಕು ಹಿಡಿದ ಟ್ರೇಲರ್. ಮೀನು ಹಿಡಿಯುವುದಕ್ಕೆಂದೇ ಮಾಡಿದ ಅಲ್ಯೂಮಿನಿಯಂ ದೋಣಿಗಳಿವು. ಮಿನೆಸೋಟಾ ಒಂದರಲ್ಲೇ ಹತ್ತು ಎಕರೆಗೆ ಕಡಿಮೆಯಿಲ್ಲದ ಕೆರೆಗಳು 11,842 ಇವೆ. ಕೆಲಸಕ್ಕೋ ಓದಿಗೋ ಹೋಗಿ ಆ ಕಡೆ ನೆಲೆಸಿದ ಕನ್ನಡಿಗರಿಗೂ ನಾಲ್ಕು ಬೇಸಿಗೆ ಕಳೆಯುವಷ್ಟರಲ್ಲಿ ಗಾಳದ ಗೀಳು ಹತ್ತುವುದುಂಟು. ಹೊಸ ದೋಣಿಯ ಬೆಲೆ ಕೇಳಿ ಬೆಚ್ಚಿದವರ ಕಣ್ಣು ಹೋಗುವುದು ಈ ಹಳೆಯ ದೋಣಿಗಳ ಮೇಲೆ.

ಕೊಳ್ಳುವುದು ತಪ್ಪಲ್ಲ. ಆದರೆ ಹೆಚ್ಚಿನವರು ದೋಣಿ ಮನೆಗೆ ಬಂದ ಮರುದಿನವೇ ಬಣ್ಣದ ಅಂಗಡಿಗೆ ಓಡುತ್ತಾರೆ. ಇಂಥ ದೋಣಿಯಲ್ಲಿ ಅಲ್ಯೂಮಿನಿಯಂ ಹಾಳಾಗುವುದು ಕಡಿಮೆ. ಅದಕ್ಕೆ ತಾಗಿಕೊಂಡಿರುವ ಮರ, ಫೋಮು, ಸ್ಕ್ರೂ, ವೈರು ಮೊದಲು ಹಾಳಾಗುತ್ತವೆ. ಹಾಳಾದ ಮೇಲೆ ಅಲ್ಯೂಮಿನಿಯಮನ್ನೂ ತಿನ್ನತೊಡಗುತ್ತವೆ. ಇನ್ನು ಟ್ರೇಲರ್ ಕೈಕೊಟ್ಟರೆ ಅಪಾಯ ನಡೆಯುವುದು ನೀರಿನಲ್ಲಲ್ಲ, ಹೆದ್ದಾರಿಯಲ್ಲಿ. ಆದ್ದರಿಂದ ಕೆಲಸದ ಕ್ರಮ ಹೀಗಿರಲಿ: ಕಾಗದಪತ್ರ, ಟ್ರೇಲರ್, ಹಿಂಬದಿಯ ಹಲಗೆ, ಸೋರಿಕೆ, ವೈರಿಂಗ್, ಎಲ್ಲ ಮುಗಿದ ಮೇಲೆ ಬಣ್ಣ.

ಇಷ್ಟು ಬಾಳಿಕೆ ಹೇಗೆ ಬಂತು?

ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಕಾರ್ಖಾನೆಗಳು ಅಲ್ಯೂಮಿನಿಯಂ ತಗಡನ್ನು ಬಗ್ಗಿಸಿ, ರಿವೆಟ್ ಹೊಡೆದು ವಿಮಾನ ಕಟ್ಟುವುದನ್ನು ಕರಗತ ಮಾಡಿಕೊಂಡವು. ಯುದ್ಧ ಮುಗಿಯುತ್ತಿದ್ದಂತೆ ಆ ಕೌಶಲಕ್ಕೆ ಬೇರೆ ಕೆಲಸ ಬೇಕಾಯಿತು. ಯುದ್ಧವಿಮಾನ ತಯಾರಿಸುತ್ತಿದ್ದ ಗ್ರಮ್ಮನ್ ಕಂಪನಿ 1945ರಲ್ಲಿ ಅಲ್ಯೂಮಿನಿಯಂ ಕನೂ ದೋಣಿಗಳನ್ನು ಮಾಡಲು ಶುರುಮಾಡಿತು. ಮಿನೆಸೋಟಾದಲ್ಲಿ 1946ರಲ್ಲಿ ಅಲ್ಯೂಮಾಕ್ರಾಫ್ಟ್, 1948ರಲ್ಲಿ ಅದೇ ರಾಜ್ಯದ ನ್ಯೂಯಾರ್ಕ್ ಮಿಲ್ಸ್ ಎಂಬ ಸಣ್ಣ ಊರಿನಲ್ಲಿ ಲುಂಡ್ ಹುಟ್ಟಿಕೊಂಡವು. ಮರದ ದೋಣಿಗಳಿಗೆ ವರ್ಷವರ್ಷವೂ ಬೇಕಾಗಿದ್ದ ಆರೈಕೆ ಇವಕ್ಕೆ ಬೇಕಿರಲಿಲ್ಲ. ಇಬ್ಬರು ಎತ್ತಿ ದಡಕ್ಕಿಡುವಷ್ಟು ಹಗುರವೂ ಆಗಿದ್ದವು.

ಅಲ್ಯೂಮಿನಿಯಂ ಗಾಳಿಗೆ ತೆರೆದುಕೊಂಡ ಕೂಡಲೇ ಅದರ ಮೈಮೇಲೆ ತೆಳುವಾದ, ಗಟ್ಟಿಯಾದ ಆಕ್ಸೈಡ್ ಪದರ ಕಟ್ಟುತ್ತದೆ. ಕಬ್ಬಿಣದ ತುಕ್ಕಿನಂತೆ ಇದು ಪುಡಿಯಾಗಿ ಉದುರುವುದಿಲ್ಲ. ಒಳಗಿನ ಲೋಹವನ್ನು ಕಾಯುತ್ತದೆ. ದೋಣಿಗೆ ಹೆಚ್ಚಾಗಿ ಬಳಸುವುದು 5052 ಎಂಬ ಮಿಶ್ರಲೋಹ. ಇದರಲ್ಲಿ ಮೆಗ್ನೀಸಿಯಂ ಬೆರೆತಿರುವುದರಿಂದ ನೀರಿಗೆ ಚೆನ್ನಾಗಿ ತಡೆಯುತ್ತದೆ. ಸಿಹಿನೀರಿನಲ್ಲೇ ಇದ್ದ ದೋಣಿಯ ತಗಡು ಐವತ್ತು ವರ್ಷದ ನಂತರವೂ ಗಟ್ಟಿಯಾಗಿರುವುದು ಇದೇ ಕಾರಣಕ್ಕೆ.

ಕೊಳ್ಳುವ ಮೊದಲು ನೋಡಬೇಕಾದ್ದು

ಮೊದಲು ಕಾಗದ. ದೋಣಿಗೂ ಟ್ರೇಲರಿಗೂ ಸಾಮಾನ್ಯವಾಗಿ ಬೇರೆಬೇರೆ ದಾಖಲೆ ಇರುತ್ತದೆ. ಮಿನೆಸೋಟಾದಲ್ಲಿ ದೋಣಿಯ ನೋಂದಣಿ ನೈಸರ್ಗಿಕ ಸಂಪನ್ಮೂಲ ಇಲಾಖೆಯದು, ಟ್ರೇಲರಿನದು ವಾಹನ ಇಲಾಖೆಯದು. 1972ರ ನವೆಂಬರಿನಿಂದ ಈಚೆಗೆ ತಯಾರಾದ ದೋಣಿಗಳ ಹಿಂಬದಿಯ ಬಲ ಮೂಲೆಯಲ್ಲಿ ಹನ್ನೆರಡು ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆ ಇರಬೇಕು. ಅದು ಕಾಗದದಲ್ಲಿರುವ ಸಂಖ್ಯೆಗೆ ಹೊಂದುತ್ತದೆಯೇ ನೋಡಿ. ಸಂಖ್ಯೆ ಕೆರೆದು ಹೋಗಿದ್ದರೆ, 'ಕಾಗದ ಎಲ್ಲೋ ಇದೆ, ಆಮೇಲೆ ಕೊಡುತ್ತೇನೆ' ಎಂಬ ಮಾತು ಬಂದರೆ, ಎಷ್ಟು ಅಗ್ಗವಾದರೂ ಬೇಡ. ಒಳಬದಿಯಲ್ಲಿ ಎಷ್ಟು ಜನ, ಎಷ್ಟು ತೂಕ, ಎಷ್ಟು ಅಶ್ವಶಕ್ತಿಯ ಎಂಜಿನ್ ಎಂದು ಬರೆದ ಪುಟ್ಟ ಫಲಕವಿದ್ದರೆ ಅದರ ಫೋಟೋ ತೆಗೆದಿಟ್ಟುಕೊಳ್ಳಿ. ಮುಂದಿನ ಎಲ್ಲ ಕೆಲಸಕ್ಕೂ ಅದೇ ಆಧಾರ.

ಆಮೇಲೆ ದೋಣಿಯ ಹಿಂದಕ್ಕೆ ಹೋಗಿ. ಎಂಜಿನ್ ತೂಗುವ ಹಿಂಗೋಡೆಗೆ ಟ್ರಾನ್ಸಮ್ ಎನ್ನುತ್ತಾರೆ. ಅಲ್ಯೂಮಿನಿಯಂ ತಗಡಿಗೆ ಅಲ್ಲಿ ದಪ್ಪ ಪ್ಲೈವುಡ್ ಬಲ ಕೊಟ್ಟಿರುತ್ತದೆ. ಎಂಜಿನ್ನಿನ ಕೆಳತುದಿ ಹಿಡಿದು ಮೇಲಕ್ಕೂ ಕೆಳಕ್ಕೂ ಅಲುಗಿಸಿ. ಟ್ರಾನ್ಸಮ್ ಬಾಗಿದರೆ ಒಳಗಿನ ಮರ ಕೊಳೆತಿದೆ ಎಂದೇ ಅರ್ಥ. ಇದು ರಿಪೇರಿಯಾಗುವಂಥದ್ದು, ಆದರೆ ಆ ಖರ್ಚನ್ನು ಬೆಲೆಯಲ್ಲಿ ಕಳೆಯಬೇಕು. ತಳಭಾಗಕ್ಕೆ ಮಲಗಿ ಟಾರ್ಚ್ ಹಾಕಿ ನೋಡಿ. ತಗ್ಗು, ಗೀರು ಚಿಂತೆಯ ವಿಷಯವಲ್ಲ. ಬಿರುಕು ಮಾತ್ರ ಚಿಂತೆಯದು, ಅದರಲ್ಲೂ ಒಳಗಿನ ಅಡ್ಡಪಟ್ಟಿಗಳು ತಗಡಿಗೆ ಸೇರುವಲ್ಲಿ ಸಾಲಾಗಿ ಕಂಡ ಬಿರುಕು. ಬಿಳಿ ಪುಡಿ ಮೆತ್ತಿಕೊಂಡ ಕುಳಿಗಳಿದ್ದರೆ ಚೂಪಾದ ಮೊಳೆಯಿಂದ ಒತ್ತಿ. ತಗಡು ತೂತಾದರೆ ಆ ದೋಣಿ ಬಿಟ್ಟುಬಿಡಿ. ಒಂದೆರಡು ರಿವೆಟ್ ಸಡಿಲವಾಗಿರುವುದು ಸಹಜ. ತಳದ ಉದ್ದಕ್ಕೂ ರಿವೆಟ್‌ಗಳ ಸುತ್ತ ಕಪ್ಪು ಗೆರೆ ಕಟ್ಟಿದ್ದರೆ, ಅಲ್ಲೆಲ್ಲ ಲೋಹಕ್ಕೆ ಲೋಹ ಉಜ್ಜುತ್ತಿದೆ ಎಂದು ತಿಳಿಯಿರಿ.

ಮೊದಲ ಕೆಲಸ ಟ್ರೇಲರಿನದು

ಚಕ್ರಗಳಿಗೆ ಅಡ್ಡ ಕೊಟ್ಟು, ಒಂದು ಬದಿಯನ್ನು ಜಾಕ್ ಹಾಕಿ ಎತ್ತಿ, ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಬರೀ ಜಾಕ್ ನಂಬಿ ಕೆಳಗೆ ಕೈ ಹಾಕಬೇಡಿ. ಚಕ್ರ ತಿರುಗಿಸಿದಾಗ ಗರಗರ ಸದ್ದು ಬಂದರೆ, ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಲೊಡಲೊಡ ಆಡಿದರೆ ಬೇರಿಂಗ್ ಹೋಗಿದೆ. ಸದ್ದಿಲ್ಲದಿದ್ದರೂ ಹಳೆಯ ಟ್ರೇಲರ್ ಆದರೆ ಬಿಚ್ಚಿಯೇ ನೋಡಬೇಕು.

ಇದು ಕಷ್ಟದ ಕೆಲಸವಲ್ಲ. ಗ್ರೀಸ್ ಮುಚ್ಚಳ ತೆಗೆದು, ಕಾಟರ್ ಪಿನ್ ನೆಟ್ಟಗೆ ಮಾಡಿ ಎಳೆದು, ನಟ್ ಬಿಚ್ಚಿದರೆ ಹೊರಗಿನ ಬೇರಿಂಗ್ ಕೈಗೆ ಬರುತ್ತದೆ. ಹಬ್ ಎಳೆದರೆ ಹಿಂದೆ ಸೀಲ್, ಅದರೊಳಗೆ ಇನ್ನೊಂದು ಬೇರಿಂಗ್. ಹಳೆಯ ಗ್ರೀಸನ್ನು ಪೂರ್ತಿ ತೊಳೆದು ಬೆಳಕಿಗೆ ಹಿಡಿಯಿರಿ. ರೋಲರುಗಳ ಮೇಲೆ ಕುಳಿ, ತುಕ್ಕಿನ ಕಲೆ, ಕಾದು ನೀಲಿಯಾದ ಗುರುತು ಕಂಡರೆ ಬೇರಿಂಗನ್ನೂ ಹಬ್ಬಿನೊಳಗಿನ ಅದರ ಬಳೆಯನ್ನೂ ಜೊತೆಯಾಗಿಯೇ ಬದಲಿಸಿ. ಬೇರಿಂಗ್ ಮೇಲೆ ನಂಬರ್ ಕೆತ್ತಿರುತ್ತದೆ; ಅದನ್ನು ಹೇಳಿದರೆ ವಾಹನ ಬಿಡಿಭಾಗದ ಅಂಗಡಿಯಲ್ಲಿ ತೆಗೆದುಕೊಡುತ್ತಾರೆ. ದೋಣಿ ಟ್ರೇಲರಿಗೆಂದೇ ಬರುವ, ನೀರಿಗೆ ತೊಳೆದು ಹೋಗದ ಗ್ರೀಸನ್ನು ಅಂಗೈಯಲ್ಲಿಟ್ಟು, ಬೇರಿಂಗಿನ ಅಂಚಿನಿಂದ ಒತ್ತುತ್ತಾ ಹೋಗಿ. ಆಚೆಬದಿಯಲ್ಲಿ ಗ್ರೀಸ್ ಹೊರಗೆ ಬರುವವರೆಗೂ ಬಿಡಬಾರದು. ಸೀಲ್ ಮತ್ತು ಕಾಟರ್ ಪಿನ್ ಹೊಸದೇ ಹಾಕಿ. ನಟ್ಟನ್ನು ಚಕ್ರ ತಿರುಗಿಸುತ್ತಾ ಬಿಗಿ ಮಾಡಿ, ಆಮೇಲೆ ಸಡಿಲಿಸಿ, ಬೆರಳಿನ ಬಲದಷ್ಟೇ ಬಿಗಿದು ಪಿನ್ ಹಾಕಬೇಕು. ಬಿಗಿಯಾದಷ್ಟೂ ಒಳ್ಳೆಯದು ಎಂದುಕೊಂಡು ಪಾನಾದಿಂದ ಜಗ್ಗಿದರೆ ಬೇರಿಂಗ್ ಸುಟ್ಟುಹೋಗುತ್ತದೆ.

ದೋಣಿ ಟ್ರೇಲರಿನ ಬೇರಿಂಗ್ ಬೇಗ ಹೋಗುವುದೇಕೆ? ದಾರಿಯಲ್ಲಿ ಓಡಿ ಹಬ್ ಬಿಸಿಯಾಗಿರುತ್ತದೆ. ಹಾಗೆಯೇ ತಣ್ಣೀರಿಗೆ ಇಳಿಸಿದರೆ ಒಳಗಿನ ಗಾಳಿ ತಟ್ಟನೆ ಕುಗ್ಗಿ, ಸವೆದ ಸೀಲಿನ ಸಂದಿಯಿಂದ ನೀರನ್ನು ಒಳಗೆಳೆಯುತ್ತದೆ. ಕೆರೆ ತಲುಪಿದ ಮೇಲೆ ಸಾಮಾನು ಜೋಡಿಸಿಕೊಳ್ಳುತ್ತಾ ಕಾಲು ಗಂಟೆ ಹಬ್ ಆರಲು ಬಿಡುವುದು ಒಳ್ಳೆಯ ಅಭ್ಯಾಸ.

ಟೈರಿನ ಕಚ್ಚು ಹೊಸದರಂತೆ ಕಂಡರೂ ಮೋಸಹೋಗಬೇಡಿ. ವರ್ಷಕ್ಕೆ ನಾಲ್ಕಾರು ಸಲ ಓಡುವ ಟ್ರೇಲರ್ ಟೈರ್ ಸವೆಯುವುದಕ್ಕಿಂತ ಮೊದಲು ಬಿಸಿಲಿಗೆ ಒಣಗಿ ಸೀಳುತ್ತದೆ. ಟೈರಿನ ಪಕ್ಕದಲ್ಲಿ ಒತ್ತಿರುವ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ನೋಡಿ: 2318 ಎಂದಿದ್ದರೆ 2018ರ 23ನೇ ವಾರದಲ್ಲಿ ತಯಾರಾದದ್ದು. ಆರು ವರ್ಷ ದಾಟಿದ್ದರೆ ಬದಲಿಸುವುದೇ ಮೇಲು. ಕೊಳ್ಳುವಾಗ ಟ್ರೇಲರಿಗೆಂದೇ ಮಾಡಿದ, 'ಎಸ್‌ಟಿ' ಗುರುತಿನ ಟೈರನ್ನೇ ಕೇಳಿ.

ಚೌಕಟ್ಟನ್ನು ಸುತ್ತಿಗೆಯಿಂದ ತಟ್ಟುತ್ತಾ ಬನ್ನಿ. ಗಟ್ಟಿ ಕಬ್ಬಿಣ ಖಣಖಣ ಎನ್ನುತ್ತದೆ. ಒಳಗೆ ತುಕ್ಕು ತಿಂದಿದ್ದರೆ ಸದ್ದು ಮಂಕು, ಪದರ ಉದುರುತ್ತದೆ. ಸ್ಪ್ರಿಂಗ್ ಪಟ್ಟಿ ಮತ್ತು ಅದನ್ನು ಆಕ್ಸಲ್‌ಗೆ ಕಟ್ಟಿರುವ 'ಯು' ಬೋಲ್ಟುಗಳು ಸಾಮಾನ್ಯವಾಗಿ ಮೊದಲು ಹೋಗುವ ಜಾಗ.

ದೀಪಗಳ ವಿಷಯ. ನಾಲ್ಕು ತಂತಿಯ ಪ್ಲಗ್ಗಿನಲ್ಲಿ ಬಿಳಿ ಅರ್ಥಿಂಗ್‌ಗೆ, ಕಂದು ಹಿಂದೀಪಕ್ಕೆ, ಹಳದಿ ಎಡ ತಿರುವು ಮತ್ತು ಬ್ರೇಕಿಗೆ, ಹಸಿರು ಬಲ ತಿರುವು ಮತ್ತು ಬ್ರೇಕಿಗೆ. ಒಂದು ದೀಪ ಹಾಕಿದರೆ ಇನ್ನೊಂದು ಮಿಣಕುವ ಕಾಟಕ್ಕೆ ಹೆಚ್ಚಾಗಿ ಬಿಳಿ ತಂತಿಯ ತುದಿಯ ತುಕ್ಕೇ ಕಾರಣ. ಆ ಜಾಗವನ್ನು ಉಜ್ಜಿ ಹೊಸ ಸ್ಕ್ರೂ ಹಾಕಿ ನೋಡಿ, ಆಮೇಲೆ ಬೇರೆಯದನ್ನು ಬಿಚ್ಚಿ. ಹಳೆಯ ಬಲ್ಬಿನ ಜಾಗಕ್ಕೆ ನೀರು ನುಗ್ಗದ ಎಲ್‌ಇಡಿ ದೀಪ ಹಾಕಿದರೆ ಪದೇಪದೇ ಬಿಚ್ಚುವ ಕೆಲಸ ತಪ್ಪುತ್ತದೆ.

ಕಾರಿನ ಹಿಂದಿನ ಗುಂಡು ಮತ್ತು ಟ್ರೇಲರಿನ ಬಾಯಿ ಒಂದೇ ಅಳತೆಯವಾಗಿರಲೇಬೇಕು. 2 ಇಂಚಿನ ಬಾಯಿಯನ್ನು 1 7/8 ಇಂಚಿನ ಗುಂಡಿನ ಮೇಲೆ ಕೂರಿಸಿದರೆ ಕೂತಂತೆಯೇ ಕಾಣುತ್ತದೆ, ರಸ್ತೆಯ ಒಂದು ಗುಂಡಿ ಸಿಕ್ಕಿದರೆ ಎದ್ದು ಬರುತ್ತದೆ. ಎರಡು ಸುರಕ್ಷತಾ ಸರಪಳಿಗಳನ್ನು ಮೂತಿಯ ಕೆಳಗೆ ಕತ್ತರಿಯಾಕಾರದಲ್ಲಿ ಹಾಕಿ. ಕೊಂಡಿ ಕಳಚಿದರೂ ಮೂತಿ ರಸ್ತೆಗೆ ಬೀಳದೆ ಸರಪಳಿಯ ಮೇಲೆ ನಿಲ್ಲುತ್ತದೆ. ದೋಣಿಯನ್ನು ಮುಂದಿನ ವಿಂಚ್ ಒಂದೇ ಹಿಡಿದಿರಬಾರದು, ಹಿಂದೆಯೂ ಪಟ್ಟಿ ಕಟ್ಟಬೇಕು.

ದೋಣಿ ಮಲಗುವ ಕಾರ್ಪೆಟ್ ಸುತ್ತಿದ ಉದ್ದ ಮರದ ದಿಂಬುಗಳು ಟ್ರಾನ್ಸಮ್‌ವರೆಗೂ ಚಾಚಿರಬೇಕು. ಎಂಜಿನ್ನಿನ ಭಾರವೆಲ್ಲ ಹಿಂದೆ ಇರುವಾಗ ದಿಂಬು ಒಂದು ಅಡಿ ಮೊದಲೇ ನಿಂತರೆ, ದಾರಿಯುದ್ದಕ್ಕೂ ಕುಲುಕಿ ತಳ ಅಲ್ಲಿ ಕೊಂಕುತ್ತದೆ.

ಬೆಂಚಿನ ಕೆಳಗಿನ ಗುಟ್ಟು

ಈಗ ದೋಣಿಯೊಳಗಿನ ಕಾರ್ಪೆಟ್, ಹಲಗೆ, ಸೀಟು ಎಲ್ಲ ಕಿತ್ತು ಹೊರಗಿಡಿ. ಪ್ರತಿ ಹಂತದಲ್ಲೂ ಫೋಟೋ ಇರಲಿ. ಹಳೆಯ ಹಲಗೆ ಕೊಳೆತಿದ್ದರೂ ಎಸೆಯಬೇಡಿ; ಹೊಸದನ್ನು ಕತ್ತರಿಸುವುದಕ್ಕೆ ಅದೇ ಅಳತೆ.

ಬೆಂಚಿನ ಕೆಳಗೆ ಫೋಮು ತುಂಬಿರುತ್ತದೆ. ದೋಣಿಯೊಳಗೆ ನೀರು ತುಂಬಿದರೂ ಮುಳುಗದೆ ತೇಲಲಿ ಎಂದು ಅದನ್ನು ಇಟ್ಟಿರುವುದು. ಒಂದು ಘನ ಅಡಿ ನೀರಿನ ತೂಕ ಸುಮಾರು 28 ಕಿಲೋ. ಒಂದು ಘನ ಅಡಿ ಒಣ ಫೋಮು ಹೆಚ್ಚುಕಡಿಮೆ ಅಷ್ಟೇ ಭಾರವನ್ನು ನೀರಿನ ಮೇಲೆ ಹಿಡಿದು ನಿಲ್ಲಿಸುತ್ತದೆ. ಆದರೆ ದಶಕಗಟ್ಟಲೆ ಒದ್ದೆಯಲ್ಲಿ ಕೂತ ಫೋಮು ನೀರು ಕುಡಿದು, ತೇಲಿಸುವ ಬದಲು ಭಾರ ಹೊರಿಸುತ್ತದೆ. ಜೊತೆಗೆ ತಗಡಿಗೆ ಸದಾ ಒದ್ದೆ ತಾಗಿಸಿಕೊಂಡು ಅದನ್ನು ಕುಳಿಕುಳಿಯಾಗಿ ತಿನ್ನುತ್ತದೆ. ಒಂದು ತುಂಡು ಕತ್ತರಿಸಿ ಹಿಂಡಿ ನೋಡಿ. ನೀರು ಬಂದರೆ ಎಲ್ಲವನ್ನೂ ತೆಗೆಯಿರಿ.

ತೆಗೆದ ಮೇಲೆ ಜಾಗ ಖಾಲಿ ಬಿಡುವುದು ದೊಡ್ಡ ತಪ್ಪು. ಸಾಮಾನು ಇಡಲು ಅನುಕೂಲವೆಂದು ಫೋಮು ಬಿಟ್ಟವರ ದೋಣಿ ಮಗುಚಿದರೆ ಹಿಡಿದುಕೊಳ್ಳಲು ಏನೂ ಉಳಿಯುವುದಿಲ್ಲ. ಮನೆ ಕಟ್ಟುವವರು ಬಳಸುವ ನೀಲಿ ಅಥವಾ ಗುಲಾಬಿ ಬಣ್ಣದ ಗಟ್ಟಿ ಪಾಲಿಸ್ಟೈರೀನ್ ಹಾಳೆಗಳನ್ನು ಕತ್ತರಿಸಿ, ಮೊದಲಿದ್ದಷ್ಟೇ ಪ್ರಮಾಣದಲ್ಲಿ ತುಂಬಿ. ಕೆಳಗೆ ನೀರು ಹರಿದುಹೋಗಲು ಸಂದಿ ಇರಲಿ. ಪಾಲಿಸ್ಟೈರೀನ್ ಪೆಟ್ರೋಲಿಗೆ ಕರಗುತ್ತದೆ, ಆದ್ದರಿಂದ ಪೆಟ್ರೋಲ್ ಡಬ್ಬ ಇಡುವ ಜಾಗದಿಂದ ಅದನ್ನು ದೂರವಿಡಿ.

ಸೋರುವುದೆಲ್ಲಿ?

ಸೋರಿಕೆ ಹುಡುಕಲು ದೋಣಿಯನ್ನು ಕೆರೆಗೆ ಒಯ್ಯಬೇಕಿಲ್ಲ. ಟ್ರೇಲರ್ ಮೇಲೆಯೇ ಒಳಗೆ ನೀರು ತುಂಬಿ, ಹೊರಗೆ ತೊಟ್ಟಿಕ್ಕುವಲ್ಲಿ ಮೇಣದ ಪೆನ್ಸಿಲ್ಲಿನಿಂದ ಗುರುತು ಹಾಕಿ. ಎರಡು ಮೂರು ಇಂಚಿಗಿಂತ ಹೆಚ್ಚು ತುಂಬಬೇಡಿ. 4 ಮೀಟರ್ ಉದ್ದ, 1.2 ಮೀಟರ್ ಅಗಲದ ತಳದಲ್ಲಿ 10 ಸೆಂಟಿಮೀಟರ್ ನೀರು ನಿಂತರೆ 480 ಲೀಟರ್, ಅಂದರೆ ಅರ್ಧ ಟನ್ನಿನಷ್ಟು ಭಾರ. ಹಳೆಯ ಟ್ರೇಲರ್ ಅದನ್ನು ತಾಳಲಾರದು, ತಾಂಗಿಲ್ಲದ ಕಡೆ ತಗಡೂ ಬಾಗುತ್ತದೆ.

ಕಾರ್ಖಾನೆಯಲ್ಲಿ ಹೊಡೆದ ರಿವೆಟ್ಟುಗಳು ಒಳಗೂ ಗಟ್ಟಿಯಾದ ಅಲ್ಯೂಮಿನಿಯಂ ಮೊಳೆಗಳು. ಸಡಿಲವಾದವನ್ನು ಬಿಗಿಯಲು ಇಬ್ಬರು ಬೇಕು: ಒಬ್ಬರು ಒಂದು ಬದಿಯಲ್ಲಿ ಭಾರದ ಉಕ್ಕಿನ ತುಂಡನ್ನು ರಿವೆಟ್ಟಿನ ತಲೆಗೆ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಇನ್ನೊಂದು ಬದಿಯಿಂದ ಸುತ್ತಿಗೆಯಲ್ಲಿ ಬಡಿಯಬೇಕು. ಒಂದೇ ಬಲವಾದ ಪೆಟ್ಟಿಗಿಂತ ನಾಲ್ಕೈದು ಹದವಾದ ಪೆಟ್ಟು ಒಳ್ಳೆಯದು. ಸುತ್ತಲಿನ ತಗಡಿಗೆ ಪೆಟ್ಟು ಬಿದ್ದರೆ ತೂತು ಹಿಗ್ಗಿ ಇನ್ನಷ್ಟು ಸೋರುತ್ತದೆ.

ಬಡಿದರೂ ನಿಲ್ಲದ ರಿವೆಟ್ಟನ್ನು ಡ್ರಿಲ್ ಹಾಕಿ ತೆಗೆದು ಹೊಸದು ಹಾಕಬೇಕು. ಗಟ್ಟಿ ರಿವೆಟ್ಟಾದರೆ ಅದರ ಉದ್ದ, ಎರಡೂ ತಗಡಿನ ದಪ್ಪಕ್ಕೆ ರಿವೆಟ್ಟಿನ ವ್ಯಾಸದ ಒಂದೂವರೆ ಪಟ್ಟು ಸೇರಿಸಿದಷ್ಟು ಇರಲಿ. ಬಡಿದ ಮೇಲೆ ತಲೆ ವ್ಯಾಸದ ಒಂದೂವರೆ ಪಟ್ಟು ಅಗಲ, ಅರ್ಧದಷ್ಟು ಎತ್ತರವಾದರೆ ಸರಿಯಾಗಿ ಕೂತಿದೆ. ಕೈ ಒಳಗೆ ಹೋಗದ ಜಾಗಕ್ಕೆ ಪಾಪ್ ರಿವೆಟ್ ಬಳಸಬಹುದು, ಆದರೆ ತುದಿ ಮುಚ್ಚಿರುವ ಜಾತಿಯದೇ ಬೇಕು. ಅಂಗಡಿಯಲ್ಲಿ ಸುಲಭಕ್ಕೆ ಸಿಗುವ ಸಾದಾ ಪಾಪ್ ರಿವೆಟ್ಟಿನ ನಡುವೆ ತೂತಿರುತ್ತದೆ, ಅದೇ ಸೋರುತ್ತದೆ. ಯಾವುದೇ ಆದರೂ 3ಎಂ 5200ನಂಥ ದೋಣಿ ಸೀಲಂಟಿನಲ್ಲಿ ಅದ್ದಿ ಹಾಕಿ. ಅದು ಪೂರ್ತಿ ಗಟ್ಟಿಯಾಗಲು ಒಂದು ವಾರ ಬೇಕು; ಒಮ್ಮೆ ಅಂಟಿದರೆ ಬಿಡದು, ಮುಂದೆ ಬಿಚ್ಚಬೇಕಾದ ಕಡೆ ಬಳಸಬೇಡಿ. ಬಚ್ಚಲುಮನೆಗೆ ಹಾಕುವ ಸಿಲಿಕೋನ್ ಇಲ್ಲಿ ಸಲ್ಲದು: ಅದರ ಮೇಲೆ ಬಣ್ಣ ಹಿಡಿಯುವುದಿಲ್ಲ, ಒಣಗುವಾಗ ಹುಳಿ ವಾಸನೆ ಬರುವ ಜಾತಿಯದು ಅಲ್ಯೂಮಿನಿಯಮನ್ನು ತಿನ್ನುತ್ತದೆ.

ಬಿರುಕಿದ್ದರೆ ಅದರ ಎರಡೂ ತುದಿಯಲ್ಲಿ ಸಣ್ಣ ತೂತು ಕೊರೆಯಿರಿ. ತುದಿ ಗುಂಡಗಾದರೆ ಬಿರುಕು ಮುಂದೆ ಓಡುವುದಿಲ್ಲ. ಮೇಲೆ ಅದೇ ಜಾತಿಯ ತಗಡಿನ ತೇಪೆಯನ್ನು ಸೀಲಂಟ್ ಹಚ್ಚಿ ರಿವೆಟ್ ಮಾಡಬಹುದು. ವೆಲ್ಡಿಂಗ್ ಮಾಡಿಸುವುದಾದರೆ ಅಲ್ಯೂಮಿನಿಯಂ ಕೆಲಸದಲ್ಲಿ ಪಳಗಿದವರ ಹತ್ತಿರವೇ ಹೋಗಿ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅದರ ಮೇಲಿನ ಆಕ್ಸೈಡ್ ಪದರ ಕರಗಲು 2000 ಡಿಗ್ರಿ ದಾಟಬೇಕು. ಉಕ್ಕಿನಂತೆ ಕೆಂಪಗಾಗಿ ಮುನ್ಸೂಚನೆ ಕೊಡುವ ಗುಣವೂ ಅದಕ್ಕಿಲ್ಲ. ಅನುಭವವಿಲ್ಲದ ಕೈ ತೆಳು ತಗಡಿನಲ್ಲಿ ನೋಡನೋಡುತ್ತಲೇ ತೂತು ಮಾಡುತ್ತದೆ. ಮಲ್ಪೆ, ಮಂಗಳೂರಿನ ಕಡೆ ಫೈಬರ್ ದೋಣಿಗಳಿಗೆ ರಾಳ ಹಚ್ಚಿ ಬಟ್ಟೆ ಮೆತ್ತುವುದನ್ನು ನೋಡಿದವರಿಗೆ ಇಲ್ಲೂ ಹಾಗೆ ಮಾಡೋಣ ಎನ್ನಿಸಬಹುದು. ಆ ತೇಪೆ ಅಲ್ಯೂಮಿನಿಯಂ ಮೇಲೆ ಬಹಳ ದಿನ ಕೂರುವುದಿಲ್ಲ, ಸಿಪ್ಪೆಯಂತೆ ಏಳುತ್ತದೆ.

ಟ್ರಾನ್ಸಮ್ಮಿನ ಮರ ಬದಲಿಸುವುದು

ಎಂಜಿನ್ ಇಳಿಸಿ, ಮೇಲಿನ ಪಟ್ಟಿ ಮತ್ತು ಬೋಲ್ಟುಗಳನ್ನು ಬಿಚ್ಚಿ ಹಳೆಯ ಮರವನ್ನು ಆದಷ್ಟು ಇಡಿಯಾಗಿ ತೆಗೆಯಿರಿ. ಪುಡಿಪುಡಿಯಾಗಿದ್ದರೆ ರಟ್ಟಿನಲ್ಲಿ ಅಚ್ಚು ಮಾಡಿಕೊಳ್ಳಿ. ಸಾಮಾನ್ಯವಾಗಿ ಬೇಕಾಗುವುದು ಮುಕ್ಕಾಲು ಇಂಚಿನ ಎರಡು ಪ್ಲೈವುಡ್ ಹಾಳೆಗಳನ್ನು ಅಂಟಿಸಿದ ಒಂದೂವರೆ ಇಂಚಿನ ಹಲಗೆ. ಆದರೂ ನಿಮ್ಮ ದೋಣಿಯದನ್ನು ಅಳೆದೇ ನೋಡಿ.

ಮರೀನ್ ಪ್ಲೈವುಡ್ ಎಂದರೆ ಕೊಳೆಯದ ಮರ ಎಂದು ಹಲವರು ತಿಳಿದಿದ್ದಾರೆ. ಅದರ ಅಂಟು ನೀರಿಗೆ ಬಿಡುವುದಿಲ್ಲ, ಪದರಗಳ ನಡುವೆ ಪೊಳ್ಳು ಇರುವುದಿಲ್ಲ ಎಂಬುದಷ್ಟೇ ಅದರ ಹೆಚ್ಚುಗಾರಿಕೆ. ಮರ ಮರವೇ, ನೀರು ಹೊಕ್ಕರೆ ಕೊಳೆಯುತ್ತದೆ. ಹಾಗಾಗಿ ಎಪಾಕ್ಸಿಯನ್ನು ಎಲ್ಲ ಬದಿಗೂ, ಅಂಚುಗಳಿಗೆ ಹೆಚ್ಚಾಗಿ, ಎರಡು ಮೂರು ಸಲ ಬಳಿಯಬೇಕು. ಬೋಲ್ಟಿನ ತೂತೇ ನೀರಿನ ದಾರಿ. ತೂತನ್ನು ಬೇಕಾದ್ದಕ್ಕಿಂತ ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ ಗಟ್ಟಿಯಾದ ಮೇಲೆ ಅದರ ನಡುವೆ ಸರಿಯಾದ ಅಳತೆಯ ತೂತು ಕೊರೆಯಿರಿ. ಕುದಿಸಿದ ಅಗಸೆ ಎಣ್ಣೆಗೆ ವಾರ್ನಿಷ್ ಬೆರೆಸಿ ಹಚ್ಚುವ ಹಳೆಯ ಪದ್ಧತಿಯೂ ಇದೆ, ಅಗ್ಗವೂ ಹೌದು. ಆದರೆ ಆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿಯೇ ಬೆಂಕಿ ಹತ್ತಿಕೊಳ್ಳುತ್ತದೆ. ಹರಡಿ ಹಾಕಿ ಹೊರಗೆ ಒಣಗಿಸಿ.

ಅಲ್ಯೂಮಿನಿಯಂ ಪಕ್ಕ ಯಾರಿರಬಾರದು?

ಅಲ್ಯೂಮಿನಿಯಂ ಪಾತ್ರೆಯಲ್ಲಿ ಹುಳಿ ಇಡಬಾರದೆಂಬುದು ನಮ್ಮ ಅಡುಗೆಮನೆಗಳಿಗೆ ಗೊತ್ತು. ಆ ಪಾತ್ರೆಗೆ ಹುಳಿ ಹೇಗೋ ಈ ದೋಣಿಗೆ ತಾಮ್ರ ಹಾಗೆ. ಎರಡು ಬೇರೆ ಲೋಹಗಳು ಒದ್ದೆಯಲ್ಲಿ ಒಂದಕ್ಕೊಂದು ತಾಗಿದರೆ ಸಣ್ಣ ಬ್ಯಾಟರಿಯೇ ಆಗುತ್ತದೆ, ಅದರಲ್ಲಿ ಸವೆಯುವುದು ಅಲ್ಯೂಮಿನಿಯಂ. ತಳದ ನೀರಿನಲ್ಲಿ ಬಿದ್ದಿರುವ ಒಂದು ತಾಮ್ರದ ನಾಣ್ಯ ಕಾಲಕ್ರಮೇಣ ಅಲ್ಲೊಂದು ಕುಳಿ ಮಾಡಬಲ್ಲದು. ಗಾಳಕ್ಕೆ ಕಟ್ಟುವ ಸೀಸದ ಗುಂಡುಗಳನ್ನೂ ತಳದಲ್ಲಿ ಬಿಡಬೇಡಿ.

ಹೆಚ್ಚು ಜನ ಎಡವುವುದು ಮರದ ವಿಷಯದಲ್ಲಿ. ಕೊಳೆಯಬಾರದೆಂದು ರಾಸಾಯನಿಕ ಹಾಕಿದ, ಮನೆಯ ಅಂಗಳದ ಜಗುಲಿಗೆ ಬಳಸುವ ಹಸಿರು ಛಾಯೆಯ ಮರದಲ್ಲಿ ತಾಮ್ರವಿರುತ್ತದೆ. 2003ರ ಕೊನೆಗೆ ಆರ್ಸೆನಿಕ್ ಬೆರೆತ ಹಳೆಯ ರಾಸಾಯನಿಕವನ್ನು ಮನೆಬಳಕೆಯ ಮರದಿಂದ ಕೈಬಿಟ್ಟ ಮೇಲೆ ಬಂದ ಬದಲಿಗಳಲ್ಲಿ ತಾಮ್ರದ ಪಾಲು ಇನ್ನೂ ಹೆಚ್ಚಾಯಿತು. ಅಂಥ ಮರವನ್ನು ಟ್ರಾನ್ಸಮ್ಮಿಗಾಗಲಿ, ದೋಣಿಯ ನೆಲಕ್ಕಾಗಲಿ ಹಾಕಬೇಡಿ. ಟ್ರೇಲರಿನ ದಿಂಬಿಗೂ ಸಾದಾ ಮರವೇ ಸಾಕು. ಕೆಲವು ವರ್ಷಕ್ಕೊಮ್ಮೆ ಅದನ್ನು ಬದಲಿಸುವುದು ತಳದ ತಗಡು ಬದಲಿಸುವುದಕ್ಕಿಂತ ಅಗ್ಗ.

ಹಿತ್ತಾಳೆ ಸ್ಕ್ರೂ ಬೇಡ. ಸ್ಟೇನ್‌ಲೆಸ್ ಸ್ಟೀಲ್ ಬಳಸಬಹುದು, ಆದರೆ ಸೀಲಂಟ್ ಹಚ್ಚಿ ಹಾಕಿ. ವಿದ್ಯುತ್ತಿನ ವಿಷಯದಲ್ಲಿ ಕಾರಿನ ಪದ್ಧತಿ ಇಲ್ಲಿ ನಡೆಯುವುದಿಲ್ಲ. ಕಾರಿನ ಮೈಯನ್ನೇ ನೆಗೆಟಿವ್ ಮಾಡಿಕೊಂಡಂತೆ ದೋಣಿಯ ತಗಡನ್ನು ಮಾಡಿಕೊಂಡರೆ, ಅದರ ಮೂಲಕ ಹರಿದ ಕರೆಂಟು ನೀರಿನಲ್ಲಿ ತಗಡನ್ನು ತಿನ್ನುತ್ತದೆ. ಪ್ರತಿ ದೀಪಕ್ಕೂ ಪಂಪಿಗೂ ಎರಡು ತಂತಿ ಎಳೆದು ನೆಗೆಟಿವನ್ನು ನೇರ ಬ್ಯಾಟರಿಗೇ ತನ್ನಿ. ಬ್ಯಾಟರಿಯ ಹತ್ತಿರವೇ ಫ್ಯೂಸ್ ಇರಲಿ.

ಈಗ ಬಣ್ಣ, ಬೇಕಿದ್ದರೆ

ಸಿಹಿನೀರಿನ ದೋಣಿಗೆ ಬಣ್ಣ ಬೇಕೇಬೇಕೆಂದಿಲ್ಲ. ಬರೀ ಅಲ್ಯೂಮಿನಿಯಂ ಮೈಯಲ್ಲೇ ದಶಕಗಳನ್ನು ಕಳೆದ ಗ್ರಮ್ಮನ್ ಕನೂಗಳು ಇಂದೂ ಓಡಾಡುತ್ತಿವೆ. ಅರ್ಧಂಬರ್ಧ ಹಚ್ಚಿದ ಬಣ್ಣ ಎರಡನೇ ವರ್ಷ ಸಿಪ್ಪೆ ಏಳುವುದಕ್ಕಿಂತ ಬೋಳು ದೋಣಿಯೇ ವಾಸಿ.

ಹಚ್ಚುವುದೇ ಆದರೆ ಹಳೆಯ ಬಣ್ಣವನ್ನು ಒಣಗಿದ್ದಾಗ ಉಜ್ಜಬೇಡಿ. ಹಿಂದಿನ ಕಾಲದ ಬಣ್ಣದಲ್ಲಿ ಸೀಸವೂ, ಹಳದಿ-ಹಸಿರು ಪ್ರೈಮರಿನಲ್ಲಿ ಕ್ಯಾನ್ಸರಿಗೆ ಕಾರಣವಾಗುವ ಕ್ರೋಮೇಟೂ ಇರಬಹುದು. ನೀರು ಹಾಕಿಕೊಂಡು, ಮುಖಕ್ಕೆ ಸರಿಯಾದ ಮಾಸ್ಕ್ ಕಟ್ಟಿಕೊಂಡು ಉಜ್ಜಿ. ಉದುರಿದ್ದನ್ನು ಹುಲ್ಲಿಗೆ ಹರಿಯಬಿಡದೆ ಪ್ಲಾಸ್ಟಿಕ್ ಹಾಸಿ ಒಟ್ಟುಮಾಡಿ. ಹಳಬರು ಹೊಗಳುವ ಮಿಥಿಲೀನ್ ಕ್ಲೋರೈಡ್ ಸ್ಟ್ರಿಪ್ಪರ್ ಜೀವ ತೆಗೆಯುವಷ್ಟು ಅಪಾಯಕಾರಿ. ಅಮೆರಿಕದಲ್ಲಿ 2019ರಿಂದ ಗ್ರಾಹಕರಿಗೆ ಅದರ ಮಾರಾಟ ನಿಷಿದ್ಧ. ಸಾದಾ ಉಕ್ಕಿನ ಬ್ರಷ್, ಸ್ಟೀಲ್ ವುಲ್ ಮುಟ್ಟಬೇಡಿ. ಅವುಗಳ ಚೂರು ತಗಡಿನಲ್ಲಿ ಹುದುಗಿ ತುಕ್ಕು ಹಿಡಿಯುತ್ತವೆ. ನೈಲಾನ್ ಉಜ್ಜುಗ ಇಲ್ಲವೇ 180ರ ಸುಮಾರಿನ ಸ್ಯಾಂಡ್‌ಪೇಪರ್ ಸಾಕು.

ಉಜ್ಜಿ, ಎಣ್ಣೆಯಂಶ ಹೋಗುವಂತೆ ಅಸಿಟೋನಿನಲ್ಲಿ ಒರೆಸಿದ ದಿನವೇ ಪ್ರೈಮರ್ ಹಚ್ಚಿಬಿಡಿ. ನಾಳೆಗೆ ಬಿಟ್ಟರೆ ಹೊಸ ಆಕ್ಸೈಡ್ ಪದರ ಕಟ್ಟಿ ಹಿಡಿತ ಕಡಿಮೆಯಾಗುತ್ತದೆ. ಅಲ್ಯೂಮಿನಿಯಮಿಗೆಂದೇ ಮಾಡಿದ ಸೆಲ್ಫ್-ಎಚಿಂಗ್ ಅಥವಾ ಎಪಾಕ್ಸಿ ಪ್ರೈಮರ್ ಬೇಕು. ಪ್ರೈಮರ್ ಮತ್ತು ಬಣ್ಣ ಒಂದಕ್ಕೊಂದು ಹೊಂದುತ್ತವೆಯೇ ಎಂದು ಡಬ್ಬದ ಮೇಲೆ ಓದಿ. ಒಂದೇ ಕಂಪನಿಯವನ್ನು ಕೊಂಡರೆ ತೊಂದರೆ ಕಡಿಮೆ. ಪಾಚಿ ಕಟ್ಟದಂತೆ ತಳಕ್ಕೆ ಹಚ್ಚುವ ತಾಮ್ರದ ಬಣ್ಣ ಮಾತ್ರ ಈ ದೋಣಿಗೆ ವಿಷ. ಒಳಗಿನ ನೆಲಕ್ಕೆ ಕಾರ್ಪೆಟ್ ಅಂಟಿಸುವ ಬದಲು ಜಾರದ ಬಣ್ಣ ಹಚ್ಚಿದರೆ ಒದ್ದೆ ನಿಲ್ಲುವುದಿಲ್ಲ.

ನೀರಿಗಿಳಿಸುವ ಮುನ್ನ

ಎಂಜಿನ್ ಬೇರೆಯೇ ಲೇಖನಕ್ಕೆ ಆಗುವಷ್ಟು ವಿಷಯ. ಇಷ್ಟನ್ನು ಮಾತ್ರ ಮರೆಯಬೇಡಿ: ಫಲಕದಲ್ಲಿ ಬರೆದದ್ದಕ್ಕಿಂತ ದೊಡ್ಡ ಎಂಜಿನ್ ಹಾಕಬೇಡಿ. ಕೆಳಗಿನ ಗೇರ್ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೋಗಿದೆ. ನೀರಿನ ಪಂಪಿನ ರಬ್ಬರ್ ಚಕ್ರ ಯಾವ ಕಾಲದ್ದೋ ಗೊತ್ತಿಲ್ಲದಿದ್ದರೆ ಹೊಸದು ಹಾಕಿ. ತಂಪಿಸುವ ನೀರಿಲ್ಲದೆ ಒಂದು ಕ್ಷಣವೂ ಓಡಿಸಬೇಡಿ.

ಮೊದಲ ಸಲ ದಡದ ಹತ್ತಿರವೇ, ಗಾಳಿಯಿಲ್ಲದ ದಿನ, ದೋಣಿಯನ್ನು ಹಗ್ಗದಲ್ಲಿ ಹಿಡಿದು ಅರ್ಧ ಗಂಟೆ ನೀರಿನಲ್ಲಿ ನಿಲ್ಲಿಸಿ ನೋಡಿ. ತಳದ ಬಿರಡೆ ಹಾಕಿದ್ದೀರಾ ಎಂದು ಎರಡು ಸಲ ನೋಡಿಕೊಳ್ಳಿ. ಪ್ರತಿಯೊಬ್ಬರಿಗೂ ಅಳತೆಗೆ ಸರಿಯಾದ ಲೈಫ್ ಜಾಕೆಟ್ ಇರುವುದು ಕಾನೂನು. ಮಿನೆಸೋಟಾದಲ್ಲಿ ಹತ್ತು ವರ್ಷದೊಳಗಿನ ಮಕ್ಕಳು ದೋಣಿ ಸಾಗುವಾಗ ಅದನ್ನು ತೊಟ್ಟೇ ಇರಬೇಕು. ಮೇ ತಿಂಗಳಲ್ಲಿ ವಾಲೈ ಮೀನಿನ ಹಂಗಾಮು ಶುರುವಾಗುವಾಗ ಬಿಸಿಲು ಹಿತವಾಗಿದ್ದರೂ ನೀರು ಇನ್ನೂ ಹಿಮದ ನಂಟು ಬಿಟ್ಟಿರುವುದಿಲ್ಲ. ಅಂಥ ನೀರಿಗೆ ಬಿದ್ದರೆ ಒಳ್ಳೆಯ ಈಜುಗಾರನ ಕೈಕಾಲೂ ಕೆಲವೇ ನಿಮಿಷದಲ್ಲಿ ಸೋಲುತ್ತವೆ. ದೊಡ್ಡವರೂ ಜಾಕೆಟ್ ತೊಡಿ. ಮರಳುವಾಗ ಬಿರಡೆ ತೆಗೆದು, ನೀರೆಲ್ಲ ಬಸಿದು, ಕಳೆಗಿಡ ಕಿತ್ತು ಹೊರಡಬೇಕು. ಜೀಬ್ರಾ ಮಸಲ್ ಎಂಬ ಹೊರಗಿನ ಚಿಪ್ಪುಜೀವಿ ಒಂದು ಕೆರೆಯಿಂದ ಇನ್ನೊಂದಕ್ಕೆ ಹರಡದಿರಲೆಂದು ಮಿನೆಸೋಟಾದಲ್ಲಿ ಇದಕ್ಕೂ ಕಾನೂನಿದೆ. ಬೇರೆ ರಾಜ್ಯದವರು ತಮ್ಮ ರಾಜ್ಯದ ನಿಯಮವನ್ನು ಮೊದಲೇ ಓದಿಕೊಳ್ಳಿ.

ಕೊನೆಗೆ ಲೆಕ್ಕದ ಮಾತು. ತಗಡು ಗಟ್ಟಿಯಿದ್ದು ಟ್ರಾನ್ಸಮ್ ಮಾತ್ರ ಕೊಳೆತಿದ್ದರೆ ಧೈರ್ಯವಾಗಿ ಕೊಳ್ಳಿ. ತಳದ ತುಂಬ ಕುಳಿಗಳಿದ್ದರೆ, ಪಟ್ಟಿಗಳಲ್ಲಿ ಬಿರುಕಿದ್ದರೆ, ಕಾಗದವಿಲ್ಲದಿದ್ದರೆ ಪುಕ್ಕಟೆ ಕೊಟ್ಟರೂ ಬೇಡ. ಕೈಯಲ್ಲಿರುವ ಹಣ ಎಲ್ಲಕ್ಕೂ ಸಾಲದಿದ್ದರೆ ಈ ವರ್ಷ ಟೈರು, ಬೇರಿಂಗು, ಟ್ರಾನ್ಸಮ್ಮು, ಲೈಫ್ ಜಾಕೆಟ್ಟು ಇಷ್ಟಕ್ಕೇ ಖರ್ಚು ಮಾಡಿ. ಬಣ್ಣ ಮುಂದಿನ ವರ್ಷಕ್ಕಿರಲಿ. ದೋಣಿಯ ಬಣ್ಣ ನೋಡಿ ಯಾವ ಮೀನೂ ಗಾಳ ಕಚ್ಚುವುದಿಲ್ಲ.